ಪೆಡಲಿಗೆ ಕಟ್ಟಿದ ಮರದ ತುಂಡು ಬಿಚ್ಚಿರಿ

ಸಂಪಾದಕರಿಗೆ,

ಮಾನ್ಯರೇ,

ದಾವಣಗೆರೆ, ಹರಿಹರ, ಚಿತ್ರದುರ್ಗದ ಹಳೆಯ ಮನೆಗಳ ಶೆಡ್ಡುಗಳಲ್ಲಿ ಅಜ್ಜನ ಕಾಲದ ಅಂಬಾಸಿಡರೋ ಫಿಯೆಟ್ಟೋ ಇನ್ನೂ ನಿಂತಿರುತ್ತದೆ. ಮಾರುತಿ 800ರ ಮಾತಂತೂ ಬೇಡವೇ ಬೇಡ, ಬೀದಿಗೊಂದು ಸಿಗುತ್ತದೆ. ಒಂದು ಕಾಲಕ್ಕೆ ಮನೆಯಲ್ಲಿ ಒಬ್ಬರೇ ಓಡಿಸುತ್ತಿದ್ದ ಈ ಕಾರುಗಳನ್ನು ಈಗ ಮಗಳು, ಸೊಸೆ, ವಯಸ್ಸಾಗಿ ಬೆನ್ನು ತುಸು ಬಾಗಿದ ಯಜಮಾನರು, ಹೀಗೆ ಐದಡಿ ಆಸುಪಾಸಿನವರೂ ಓಡಿಸುತ್ತಿದ್ದಾರೆ. ಸಂತೋಷವೇ. ಆದರೆ ಕಾಲು ಎಟುಕದಿದ್ದರೆ ಮಾಡುವ ಉಪಾಯ ಮಾತ್ರ ಎಲ್ಲ ಕಡೆಯೂ ಒಂದೇ: ಕ್ಲಚ್ ಪೆಡಲಿನ ಮೇಲೆ ಮರದ ತುಂಡಿಟ್ಟು ಸೈಕಲ್ ಟ್ಯೂಬ್ ಸುತ್ತುವುದು, ಸೀಟಿನ ಮೇಲೆ ತಲೆದಿಂಬು ಹಾಕುವುದು.

ಇವೆರಡೂ ಅಪಾಯ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಬಾಗಿಲು ಹಾಕಿ ನಿಲ್ಲಿಸಿದ ಕಾರಿನೊಳಗೆ ಟ್ಯೂಬು ಸೋಲುತ್ತದೆ, ಮರ ಒಣಗಿ ಕುಗ್ಗುತ್ತದೆ. ತುಂಡು ಒಂದು ದಿನ ಜಾರಿ ಕೆಳಗೆ ಬೀಳುತ್ತದೆ, ಉರುಳಿ ಬ್ರೇಕ್ ಪೆಡಲಿನ ಹಿಂದೆ ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ಒತ್ತಿದರೂ ಬ್ರೇಕ್ ಅರ್ಧಕ್ಕೇ ನಿಲ್ಲುತ್ತದೆ. ದಿಂಬಿನದು ಬೇರೆ ಕಥೆ. ಗಟ್ಟಿಯಾಗಿ ಬ್ರೇಕ್ ಒತ್ತಿದ ಕ್ಷಣ ಅದು ರೆಕ್ಸಿನ್ ಮೇಲೆ ಮುಂದಕ್ಕೆ ಜಾರುತ್ತದೆ, ಕೂತವರೂ ಅದರ ಜೊತೆ ಜಾರುತ್ತಾರೆ.

ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100. ಇವು ನಮ್ಮೂರಿನ ಐದಡಿ ಮನುಷ್ಯರನ್ನು ಕೂರಿಸಿ ಅಳೆದ ಸೀಟುಗಳಲ್ಲ. ಹಾಗೆಂದು ಕಾರು ಮಾರಬೇಕಿಲ್ಲ. ಸರಿಯಾದ ಅನುಕ್ರಮದಲ್ಲಿ ಹೋದರೆ ಒಂದು ಕುಶನ್ ಅಂಗಡಿ, ಒಂದು ಲೇತ್ ಅಂಗಡಿ ಸಾಕು.

ಎಲ್ಲಕ್ಕಿಂತ ಮೊದಲು, ತೊಂದರೆ ನಿಜಕ್ಕೂ ಕಾಲಿನ ಉದ್ದದ್ದೋ ಕ್ಲಚ್ಚಿನದೋ ನೋಡಿ. ಮಾರುತಿ 800ರಲ್ಲಿ ಕ್ಲಚ್ ಕೇಬಲಿನದು. ಕೇಬಲ್ ಹಿಗ್ಗಿದ ಕಾರಿನಲ್ಲಿ ಪೆಡಲ್ ನೆಲ ಮುಟ್ಟುವ ಹೊತ್ತಿಗಷ್ಟೇ ಕ್ಲಚ್ ಬಿಡುತ್ತದೆ, ಅಂದರೆ ಎಂಜಿನ್ನನ್ನು ಗೇರಿನಿಂದ ಬೇರ್ಪಡಿಸುತ್ತದೆ. ಅಂಥ ಕಾರು ಆರಡಿ ಆಳಿಗೂ ಎಟುಕದು. ಕೇಬಲ್ ತುದಿಯ ನಟ್ಟು ತಿರುಗಿಸಿ ಸರಿಪಡಿಸಿದರೆ ಎಷ್ಟೋ ಸಲ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಅತಿಯಾಗಿ ಬಿಗಿಯಬಾರದು. ಪೆಡಲನ್ನು ಬೆರಳಲ್ಲಿ ಒತ್ತಿದರೆ ಮೊದಲ ಒಂದೂವರೆ ಎರಡು ಸೆಂ.ಮೀ. ಹಗುರಾಗಿ ಹೋಗಬೇಕು, ಆಯಾ ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಪ್ರಮಾಣ. ಈ ಸಡಿಲವೇ ಇಲ್ಲದಿದ್ದರೆ ಕ್ಲಚ್ಚಿನ ಬೇರಿಂಗ್ ಸದಾ ಒತ್ತಿಕೊಂಡಿರುತ್ತದೆ, ಪ್ಲೇಟು ಜಾರಿ ಸುಡುತ್ತದೆ. ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಕ್ಲಚ್ಚಾದರೆ ಗಾಳಿ ಸೇರಿದೆಯೇ, ಎಲ್ಲಾದರೂ ಸೋರುತ್ತಿದೆಯೇ ನೋಡಬೇಕು.

ಕ್ಲಚ್ ಸರಿಯಿದೆ ಎಂದಾದ ಮೇಲೆ ಪರೀಕ್ಷೆ ಹೀಗೆ. ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ನಿಧಾನದಲ್ಲಿರಲಿ. ಓಡಿಸುವವರು ಬೆನ್ನು ಪೂರ್ತಿ ಒರಗಿಸಿ ಕೂತು, ದಿನಾ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡು ಕ್ಲಚ್ ಒತ್ತಲಿ. ಐದು ಎಣಿಸಿ ರಿವರ್ಸ್ ಹಾಕಲಿ. ಕರ್ ಅಂದರೆ ಕ್ಲಚ್ ಪೂರ್ತಿ ಬಿಟ್ಟಿಲ್ಲ. ‘ಕಾಲು ಎಟುಕುತ್ತದೆ’ ಎನ್ನುವವರಲ್ಲಿ ಬಹಳ ಜನ ಇಲ್ಲಿ ಸೋಲುತ್ತಾರೆ. ತುದಿಬೆರಳು ತಾಗುವುದು ಬೇರೆ, ಹೆಬ್ಬೆರಳ ಬುಡದ ಉಬ್ಬಿನಿಂದ ಕೊನೆತನಕ ಒತ್ತುವುದು ಬೇರೆ. ಹಳೆಯ ನಾಲ್ಕು ಗೇರಿನ ಅಂಬಾಸಿಡರ್, ಪದ್ಮಿನಿಗಳಲ್ಲಿ ಮೊದಲ ಗೇರಿಗೆ ಸಿಂಕ್ರೊ, ಅಂದರೆ ಹಲ್ಲುಗಳ ವೇಗ ಹೊಂದಿಸಿ ಕೂಡಿಸುವ ಏರ್ಪಾಡು, ಇಲ್ಲ. ಅರ್ಧ ಒತ್ತಿದ ಕ್ಲಚ್ಚಿನಲ್ಲಿ ಮೊದಲನೆಯದಕ್ಕೆ ಹಾಕಿದಾಗಲೆಲ್ಲ ಹಲ್ಲು ಹಲ್ಲಿಗೆ ತಿಕ್ಕುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ, ಆ ಹಲ್ಲುಗಳಿಗೆ ಈಗ ಅಂಗಡಿ ಅಂಗಡಿ ಅಲೆಯಬೇಕು.

ಇನ್ನು ಸೀಟು. ಹೊಸದೇನನ್ನೂ ಸೇರಿಸುವ ಮುಂಚೆ ಇದ್ದದ್ದನ್ನು ಮೊದಲಿನಂತೆ ಮಾಡಿ. ನಲವತ್ತು ವರ್ಷದ ಸೀಟಿನಲ್ಲಿ ಸ್ಪ್ರಿಂಗ್ ಒಂದೆರಡಾದರೂ ಕೊಕ್ಕೆ ಬಿಟ್ಟಿರುತ್ತದೆ, ಅದರ ಮೇಲಿನ ಗೋಣಿಬಟ್ಟೆ ಹರಿದಿರುತ್ತದೆ, ತೆಂಗಿನ ನಾರು ಪುಡಿಯಾಗಿರುತ್ತದೆ. ಕೂತವರು ಗುಂಡಿಯಲ್ಲಿ ಕೂತಂತೆ. ಸ್ಪ್ರಿಂಗ್ ಬದಲಿಸಿ, ಹೊಸ ಗೋಣಿಬಟ್ಟೆ, ಹೊಸ ನಾರಿನ ಹಾಸು ಹಾಕಿಸಿದರೆ ಎರಡು ಮೂರು ಸೆಂ.ಮೀ. ಎತ್ತರ ತಾನಾಗಿ ವಾಪಸು ಬರುತ್ತದೆ. ಇದನ್ನು ಬಿಟ್ಟು ಮೇಲೆ ದಿಂಬು ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ.

ಎತ್ತರ ಎಷ್ಟು ಬೇಕು ಎಂಬುದನ್ನು ಕಣ್ಣು ಹೇಳಬೇಕು. ರಸ್ತೆಯನ್ನು ಸ್ಟೀರಿಂಗ್ ಚಕ್ರದ ಮೇಲಿನಿಂದ ನೋಡುವಂತಿರಬೇಕು, ಚಕ್ರದ ಸಂದಿಯಿಂದ ಇಣುಕುವಂತಿರಬಾರದು. ಸೀಟು ಎತ್ತರಿಸಲು ರೈಲಿನ (ಸೀಟು ಹಿಂದೆ ಮುಂದೆ ಜಾರುವ ಹಳಿ) ಕೆಳಗೆ ಹಿಂದೆ ಮುಂದೆ ಒಂದೇ ದಪ್ಪದ ಕಬ್ಬಿಣದ ತುಂಡು ಕೊಡುವುದಕ್ಕಿಂತ ಹಿಂದೆ ತುಸು ಹೆಚ್ಚು, ಮುಂದೆ ತುಸು ಕಡಿಮೆ ಕೊಡುವುದು ಮೇಲು. ಉದಾಹರಣೆಗೆ ಹಿಂದೆ 35 ಮಿ.ಮೀ., ಮುಂದೆ 25. ಮುಂದಿನ ಅಂಚು ಎತ್ತರವಾದರೆ ತೊಡೆಯ ಅಡಿಭಾಗಕ್ಕೆ ಒತ್ತುತ್ತದೆ, ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳು ಸಂದಿ ಇರಲೇಬೇಕು. ಹಿಂದೆ ಮುಂದೆ ದಪ್ಪ ಬೇರೆಯಾದಾಗ ಸೀಟು ವಾಲುವುದರಿಂದ ತುಂಡಿನ ಮೇಲ್ಮೈಯನ್ನೂ ಅಷ್ಟೇ ಓರೆಗೆ ತಿಕ್ಕಿಸಿ, ಇಲ್ಲದಿದ್ದರೆ ಬೋಲ್ಟ್ ತಲೆ ಒಂದೇ ಬದಿ ಕೂತು ಬಾಗುತ್ತದೆ. ಬೋಲ್ಟು ಎಂಟು ಮಿ.ಮೀ.ನದಾದರೆ ತಲೆಯ ಮೇಲೆ 8.8 ಎಂದು ಒತ್ತಿರುವುದನ್ನೇ ಕೇಳಿ ತನ್ನಿ. ಸೀಟಿನ ಚೌಕಟ್ಟನ್ನು ನೆಲದ ತಗಡಿಗೆ ವೆಲ್ಡ್ ಮಾಡಿಸಬೇಡಿ. ತೆಳು ತಗಡು ವೆಲ್ಡಿನ ಪಕ್ಕದಲ್ಲೇ ಹರಿಯುತ್ತದೆ, ಮುಂದೆ ಸೀಟು ಬಿಚ್ಚುವ ದಾರಿಯೂ ಇರುವುದಿಲ್ಲ.

ಎತ್ತರ ಮುಗಿದ ಮೇಲೆ ಮುಂದೆ ಹಿಂದೆ. ಈ ಪತ್ರದಲ್ಲಿ ಒಂದೇ ಅಂಕಿ ನೆನಪಿಡುವುದಾದರೆ ಇದನ್ನಿಡಿ: ಎದೆಯ ನಡುಮೂಳೆಯಿಂದ ಸ್ಟೀರಿಂಗಿನ ನಟ್ಟನಡುವಿಗೆ 25 ಸೆಂ.ಮೀ.ಗಿಂತ ಕಡಿಮೆ ಆಗಬಾರದು. ಹಳೆಯ ಅಂಬಾಸಿಡರ್, ಫಿಯೆಟ್ಟುಗಳ ಸ್ಟೀರಿಂಗ್ ಕಂಬ ಈಗಿನ ಕಾರಿನಂತೆ ಮಡಚಿಕೊಳ್ಳುವುದಿಲ್ಲ. ಎದುರಿನಿಂದ ಗುದ್ದಿದರೆ ಅದು ನೇರ ಎದೆಗೆ ಬರುವ ಕಬ್ಬಿಣದ ಸಲಾಕೆ. ಕಾಲು ಎಟುಕಲೆಂದು ಚಕ್ರಕ್ಕೆ ಎದೆ ಅಂಟಿಸಿ ಕೂರುವವರಿಗೆ ಇದನ್ನು ತಿಳಿಸಿ ಹೇಳುವವರು ಇಲ್ಲ. ಆದ್ದರಿಂದ ಲೆಕ್ಕ ಸರಳ. 25 ಸೆಂ.ಮೀ. ಉಳಿಯುವ ತನಕ ಮೈಯನ್ನು ಮುಂದಕ್ಕೆ ತನ್ನಿ, ಉಳಿದದ್ದಕ್ಕೆ ಪೆಡಲನ್ನು ಹಿಂದಕ್ಕೆ ತನ್ನಿ.

ಒಂದು ಲೆಕ್ಕ ನೋಡೋಣ. ಸೀಟು ಎತ್ತರಿಸಿದ ಮೇಲೆ ಅಳೆದಾಗ, ಕ್ಲಚ್ ಪೂರ್ತಿ ಕೆಳಗಿದ್ದು ಮಂಡಿ ಇನ್ನೂ ತುಸು ಬಾಗಿರಬೇಕಾದರೆ ಕಾಲಿಗೂ ಪೆಡಲಿಗೂ 70 ಮಿ.ಮೀ. ಸಾಲದು ಎಂದುಕೊಳ್ಳಿ. ಎದೆಗೂ ಚಕ್ರಕ್ಕೂ 29 ಸೆಂ.ಮೀ. ಇದೆ. ಹಾಗಾದರೆ ಮೈ ಮುಂದಕ್ಕೆ ಬರಬಹುದಾದದ್ದು ಹೆಚ್ಚೆಂದರೆ 40 ಮಿ.ಮೀ., ತುಸು ಉಳಿಸಿಕೊಂಡು 30 ಎನ್ನೋಣ. ಮಿಕ್ಕ 40 ಮಿ.ಮೀ. ಪೆಡಲಿನ ಪಾಲಿಗೆ. ಎತ್ತರ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ, ಅದಕ್ಕೇ ಪೆಡಲಿನ ಕೆಲಸ ಕೊನೆಗೆ.

ಮೈ ಮುಂದಕ್ಕೆ ತರಲು ಎರಡು ದಾರಿ. ಮಾರುತಿಯಂತೆ ಬಿಡಿ ಸೀಟಾದರೆ ರೈಲಿನಲ್ಲೇ ಮುಂದಕ್ಕೆ ಎಳೆಯಬಹುದು. ಉದ್ದ ಬೆಂಚ್ ಸೀಟಾದರೆ ಇಡೀ ಸೀಟು ಬರುತ್ತದೆ, ಪಕ್ಕದಲ್ಲಿ ಕೂತ ಮಾವನವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಅಲ್ಲಿ ಓಡಿಸುವವರ ಬೆನ್ನಿಗಷ್ಟೇ ಪ್ರತ್ಯೇಕ ದಿಂಬು ಒಳ್ಳೆಯದು. ಆದರೆ ಮೆತ್ತನೆಯ ಫೋಮ್ ಬೇಡ. ಕ್ಲಚ್ ಒತ್ತುವಾಗ ಕಾಲು ಪೆಡಲನ್ನು ಮುಂದಕ್ಕೆ ತಳ್ಳಿದಷ್ಟೇ ಬಲದಿಂದ ಬೆನ್ನು ಹಿಂದಕ್ಕೆ ತಳ್ಳಿಕೊಳ್ಳುತ್ತದೆ. ಮೆತ್ತನೆಯ ಫೋಮ್ ಆಗ ಒಳಕ್ಕೆ ಹೋಗುತ್ತದೆ, ನಿಲ್ಲಿಸಿದ ಕಾರಿನಲ್ಲಿ ಸರಿ ಎನಿಸಿದ ಅಳತೆ ರಸ್ತೆಯಲ್ಲಿ ಎರಡು ಸೆಂ.ಮೀ. ಕಡಿಮೆ ಬೀಳುತ್ತದೆ. ಕುಶನ್ ಅಂಗಡಿಯಲ್ಲಿ ಚೂರು ಚೂರು ಬಣ್ಣದ ರಿಬಾಂಡ್ ಫೋಮ್ ಸಿಗುತ್ತದೆ, ಗಟ್ಟಿಯದನ್ನೇ ಕೇಳಿ. ಮೇಲೆ ಬೆನ್ನು ತಾಗುವ ಕಡೆ ಬೆರಳು ದಪ್ಪ ಮೆತ್ತನೆಯದು ಸಾಕು. ದಿಂಬಿಗೆ ಮೇಲೆ ಕೆಳಗೆ ಎರಡು ಪಟ್ಟಿ ಹೊಲಿಸಿ ಸೀಟಿನ ಹಿಂದೆ ಬಕಲ್ ಹಾಕಿಸಿ.

ಈಗ ಪೆಡಲ್ ತುಂಡು. ನಮ್ಮೂರಿನ ಲೇತ್ ಅಂಗಡಿಗಳಿಗೆ ಇದು ಊಟದ ಹೊತ್ತಿನೊಳಗೆ ಮುಗಿಯುವ ಕೆಲಸ. ಹರಿಹರದಲ್ಲಿ ಕಿರ್ಲೋಸ್ಕರ್ ಲೇತುಗಳೇ ತಯಾರಾಗುತ್ತಿದ್ದ ಸೀಮೆ ಇದು. ಆದರೆ ಏನು ಬೇಕೆಂದು ಬಿಡಿಸಿ ಹೇಳದಿದ್ದರೆ ಅವರು ಕಬ್ಬಿಣದ ತುಂಡು ವೆಲ್ಡ್ ಮಾಡಿ ಕೊಡುತ್ತಾರೆ. ಕಬ್ಬಿಣ ಬೇಡ. 60 ಮಿ.ಮೀ. ಅಗಲ, 75 ಉದ್ದ, 40 ದಪ್ಪದ ತುಂಡು ಕಬ್ಬಿಣದ್ದಾದರೆ ಸುಮಾರು 1.4 ಕೆ.ಜಿ. ತೂಗುತ್ತದೆ. ಆ ಭಾರಕ್ಕೆ ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಾರದೆ ಬೇರಿಂಗ್ ಸವೆಯುತ್ತಲೇ ಇರುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ ಅರ್ಧ ಕೆ.ಜಿ., ಅಡ್ಡಲಾಗಿ 20 ಮಿ.ಮೀ.ನ ಎರಡು ತೂತು ಕೊರೆಸಿದರೆ ಇನ್ನೂ 100 ಗ್ರಾಂ ಇಳಿಯುತ್ತದೆ. ತೇಗದ್ದಾದರೆ 120 ಗ್ರಾಂ ಅಷ್ಟೆ.

ಮೊದಲು ಪೆಡಲಿನ ರಬ್ಬರ್ ಕಿತ್ತು ತೆಗೆಯಿರಿ. ರಬ್ಬರಿನ ಮೇಲೆಯೇ ತುಂಡು ಬಿಗಿದರೆ ಅದು ದಿನೇ ದಿನೇ ಒತ್ತಿಕೊಂಡು ನಟ್ಟು ಸಡಿಲವಾಗುತ್ತದೆ. ತುಂಡಿನ ಅಗಲ ಪೆಡಲಿನಷ್ಟೇ ಇರಲಿ, ಉದ್ದ ಮಾತ್ರ ಮೇಲೂ ಕೆಳಗೂ ಹತ್ತು ಹನ್ನೆರಡು ಮಿ.ಮೀ. ಹೆಚ್ಚಿರಲಿ. ಹೀಗೆ ಚಾಚಿದ ಜಾಗದ ನಾಲ್ಕು ಮೂಲೆಯಲ್ಲಿ ಆರೂವರೆ ಮಿ.ಮೀ. ತೂತು. ಪೆಡಲಿನ ಹಿಂದೆ, ಅದನ್ನು ಹೊತ್ತ ಕಬ್ಬಿಣದ ಕಾಲಿನ ಎಡಕ್ಕೊಂದು ಬಲಕ್ಕೊಂದು, ಐದು ಮಿ.ಮೀ. ದಪ್ಪದ ಪಟ್ಟಿ ನಿಲ್ಲಿಸಿ, ಮುಂದಿನಿಂದ ಆರು ಮಿ.ಮೀ.ನ ನಾಲ್ಕು ಬೋಲ್ಟು ಹಾಯಿಸಿ ಪೆಡಲನ್ನು ನಡುವೆ ಕಚ್ಚಿಸಿ ಬಿಗಿಯಬೇಕು. ಹೀಗೆ ಮಾಡಿದರೆ ಪೆಡಲಿಗೆ ಒಂದು ತೂತೂ ಬೇಡ, ಬೇಕೆಂದಾಗ ಬಿಚ್ಚಲೂಬಹುದು. ಒಂದೇ ಬೋಲ್ಟಿನಲ್ಲಿ ಮುಗಿಸುವವರಿದ್ದಾರೆ. ಕಾಲು ಅಂಚಿನಲ್ಲಿ ಒತ್ತಿದ ದಿನ ಅದು ಗಿರ್ರನೆ ತಿರುಗುತ್ತದೆ. 40 ಮಿ.ಮೀ. ತುಂಡಿಗೆ 60 ಮಿ.ಮೀ. ಉದ್ದದ ಬೋಲ್ಟು ಸರಿಹೋಗುತ್ತದೆ, ನಟ್ಟಿನಿಂದ ಎಳೆ ತುಸು ಹೊರಗೆ ಕಾಣುತ್ತಿರಬೇಕು. ನಟ್ಟು ನೈಲಾನ್ ಬಳೆಯ ನೈಲಾಕ್ ಆಗಿರಲಿ. ಕೈಯಲ್ಲಿ ತಿರುಗಿಸುವ ಚಿಟ್ಟೆ ನಟ್ಟು ಎಂಜಿನ್ ಅದುರಿಗೆ ವಾರದಲ್ಲೇ ಬಿಚ್ಚಿಕೊಳ್ಳುತ್ತದೆ. ಬೋಲ್ಟ್ ತಲೆ ತುಂಡಿನೊಳಗೆ ಮುಳುಗಿರಲಿ, ಅದರ ಮೇಲೆ ಗೀರು ಗೀರಿನ ರಬ್ಬರ್ ಹಾಳೆ ಅಂಟಿಸಿ. ಕೊನೆಗೆ ನಟ್ಟಿನ ಮೇಲಿಂದ ಪಟ್ಟಿಯ ಮೇಲಕ್ಕೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಎಂದರ್ಥ.

50 ಮಿ.ಮೀ.ಗಿಂತ ದಪ್ಪದ ತುಂಡಿಗೆ ಹೋಗಬೇಡಿ. ದಪ್ಪ ಹೆಚ್ಚಿದಷ್ಟೂ ಓರೆಯಾಗಿ ಒತ್ತಿದಾಗ ಪೆಡಲಿನ ಕಾಲು ತಿರುಚುತ್ತದೆ. ಅಷ್ಟೂ ಸಾಲದೆ ಹೋದರೆ ಆ ಕಾರು ಆ ಮೈಗೆ ಒಗ್ಗುವುದಿಲ್ಲ ಎಂದೇ ನಮ್ಮ ಅಭಿಪ್ರಾಯ.

ಕ್ಲಚ್ ಎಷ್ಟು ಎತ್ತರಿಸಿದಿರೋ ಬ್ರೇಕನ್ನೂ ಅಷ್ಟೇ ಎತ್ತರಿಸಿ. ಎಕ್ಸಲರೇಟರಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಅದನ್ನು ವಾಪಸು ಎಳೆಯುವ ಸ್ಪ್ರಿಂಗ್ ಸಣ್ಣದು, ಭಾರ ಹೇರಿದರೆ ಕಾಲು ತೆಗೆದರೂ ಎಂಜಿನ್ ಇಳಿಯುವುದಿಲ್ಲ. ಅಲ್ಲಿಗೆ ವಾರ್ನಿಷ್ ಹಚ್ಚಿದ ತೇಗದ ತೆಳು ತುಂಡೇ ಸರಿ, ಅದನ್ನೂ ಟ್ಯೂಬ್ ಸುತ್ತದೆ ಬೋಲ್ಟಿನಲ್ಲೇ ಕೂರಿಸಿ. ಬ್ರೇಕ್ ಪೆಡಲ್ ಎಕ್ಸಲರೇಟರಿಗಿಂತ 15–20 ಮಿ.ಮೀ. ಎತ್ತರ ಉಳಿಯಲಿ, ಎರಡರ ನಡುವಿನ ಅಗಲದ ಸಂದಿ ಮೊದಲಿನಷ್ಟೇ ಇರಲಿ. ಎಂಜಿನ್ ಆರಿಸಿ ಎಕ್ಸಲರೇಟರ್ ಕೊನೆತನಕ ಒತ್ತಿ ತಟ್ಟನೆ ಕಾಲು ತೆಗೆಯಿರಿ. ಟಕ್ಕೆಂದು ಮೇಲೆ ಬರಬೇಕು. ತೇಲುತ್ತ ಬಂದರೆ ತುಂಡು ಭಾರವಾಯಿತು, ಇಲ್ಲವೇ ಎಲ್ಲೋ ತಿಕ್ಕುತ್ತಿದೆ.

ಸೀಟು ಎತ್ತರವಾದಾಗ ಹಿಮ್ಮಡಿ ನೆಲದಿಂದ ಮೇಲೇಳುತ್ತದೆ, ಹಿಮ್ಮಡಿ ಊರದೆ ಎಕ್ಸಲರೇಟರನ್ನು ಹದವಾಗಿ ಒತ್ತಲು ಬರುವುದಿಲ್ಲ. ಆಗ 12 ಮಿ.ಮೀ. ಪ್ಲೈವುಡ್ಡನ್ನು ಮರದ ರಿಪೀಸಿನ ಮೇಲೆ ಹೊಡೆದು ಹಿಮ್ಮಡಿ ಹಲಗೆ ಮಾಡುತ್ತಾರೆ. ಮಾಡಿಸಿ, ಆದರೆ ಹಲಗೆ ಹಿಮ್ಮಡಿಯ ಅಡಿಗೆ ಮಾತ್ರ ಇರಲಿ, ಪೆಡಲಿನ ಅಡಿಗೆ ಹೋಗಬಾರದು. ಬ್ರೇಕಿಗೆ ಗಾಳಿ ಸೇರಿದ ದಿನ ಪೆಡಲ್ ಎಂದಿಗಿಂತ ಬಹಳ ಕೆಳಗಿಳಿದ ಮೇಲೆ ಹಿಡಿಯುತ್ತದೆ. ಅಷ್ಟರಲ್ಲಿ ಹಲಗೆ ಅಡ್ಡ ಬಂದರೆ ಇರುವ ಅರೆಬರೆ ಬ್ರೇಕೂ ಕೈಗೆ ಸಿಗದು. ಕೆಲವು ಹಳೆಯ ಅಂಬಾಸಿಡರ್‌ಗಳಲ್ಲಿ ಲೈಟಿನ ಡಿಮ್ ಡಿಪ್ ಸ್ವಿಚ್ಚು ಕ್ಲಚ್ಚಿನ ಪಕ್ಕ ನೆಲದಲ್ಲೇ ಇರುತ್ತದೆ, ಅದು ಹಲಗೆಯಡಿ ಹೂತುಹೋಗದಂತೆ ನೋಡಿಕೊಳ್ಳಿ. ಹಲಗೆಯನ್ನು ಮ್ಯಾಟಿನ ಮೇಲೆ ಸುಮ್ಮನೆ ಇಡಬೇಡಿ, ಸೀಟಿನ ರೈಲಿನ ಬೋಲ್ಟಿಗೇ ಒಂದು ಪಟ್ಟಿ ಕೊಟ್ಟು ಹಿಡಿಸಿ.

ಚಿಕ್ಕ ಸ್ಟೀರಿಂಗ್ ಹಾಕಿಸಿದರೆ ಕಣ್ಣಿಗೆ ಅಡ್ಡ ಬರುವುದಿಲ್ಲ ಎನ್ನುವವರುಂಟು. ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ 16 ಇಂಚಿನ ಚಕ್ರ 14 ಇಂಚಿಗಿಳಿದರೆ ತೋಳಿಗೆ ಏಳನೇ ಒಂದು ಪಾಲು ಬಲ ಹೆಚ್ಚು ಬೇಕು, ದಾವಣಗೆರೆ ಮಂಡಿಪೇಟೆಯ ಸಂದಿಗಳಲ್ಲಿ ಕಾರು ತಿರುಗಿಸುವಾಗ ಅದು ಗೊತ್ತಾಗುತ್ತದೆ. ಮೂಲ ಚಕ್ರವೇ ಇರಲಿ. ಟೈರಿಗೆ ಸರಿಯಾದ ಗಾಳಿ, ಮುಂದಿನ ಚಕ್ರದ ಕೀಲುಗಳಿಗೆ ಗ್ರೀಸು, ಇಷ್ಟಾದರೆ ಅರ್ಧ ಭಾರ ಇಳಿಯುತ್ತದೆ.

ಬೆಲ್ಟು ಕುತ್ತಿಗೆಗೆ ಉಜ್ಜುತ್ತದೆಂದು ಕಂಕುಳ ಕೆಳಗೆ ಹಾಯಿಸಿಕೊಳ್ಳುವುದು ಬಹಳ ಅಪಾಯ, ಗುದ್ದಿದಾಗ ಪಕ್ಕೆಲುಬು ಮುರಿಯಬಹುದು. ಸೀಟು ಎತ್ತರವಾದಾಗ ಬೆಲ್ಟು ಸಾಮಾನ್ಯವಾಗಿ ತಾನೇ ಭುಜದ ಮೇಲೆ ಬರುತ್ತದೆ. ಬೆಲ್ಟೇ ಇಲ್ಲದ ಹಳೆಯ ಫಿಯೆಟ್, ಅಂಬಾಸಿಡರಿಗೆ ಹೊಸದಾಗಿ ಹಾಕಿಸುವುದಾದರೆ ಬೆಲ್ಟಿನ ಜೊತೆ ಬರುವ 7/16 ಇಂಚಿನ ದಪ್ಪ ಬೋಲ್ಟನ್ನೇ ಬಳಸಿ, ತಗಡಿನ ಹಿಂದೆ ಮೂರು ಮಿ.ಮೀ. ಉಕ್ಕಿನ ತಟ್ಟೆ ಕೊಡಿ. ಬರೀ ತಗಡಿಗೆ ಬಿಗಿದ ಬೋಲ್ಟು ಕಿತ್ತುಬರುತ್ತದೆ. ಕನ್ನಡಿಗಳನ್ನೆಲ್ಲ ಹೊಸ ಕೂರುವ ಜಾಗದಿಂದ ಮತ್ತೆ ತಿರುಗಿಸಿಕೊಳ್ಳಬೇಕು, ಹ್ಯಾಂಡ್‌ಬ್ರೇಕ್ ಬೆನ್ನು ಎತ್ತದೆ ಕೈಗೆ ಸಿಗುತ್ತದೆಯೇ ನೋಡಬೇಕು.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅಂಥ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಬಿಚ್ಚಿ ತೆಗೆಯಬಹುದಾದ ಕುಶನ್, ಪೆಡಲ್ ತುಂಡು ಆರ್‌ಸಿಯ ಯಾವ ವಿವರವನ್ನೂ ಮುಟ್ಟುವುದಿಲ್ಲ. ನೆಲ ಕತ್ತರಿಸುವುದು, ಸ್ಟೀರಿಂಗ್ ಕಂಬ ಸರಿಸುವುದು ಬೇರೆ ಮಾತು, ಅದಕ್ಕೆ ಕೈ ಹಾಕಬೇಡಿ. ಅಂಗವೈಕಲ್ಯ ಇರುವವರಿಗೆ ವಾಹನ ಮಾರ್ಪಡಿಸಿಕೊಳ್ಳಲು ಕಾಯ್ದೆಯಲ್ಲೇ ಬೇರೆ ದಾರಿಯಿದೆ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ ಮುಂದುವರಿಯಬೇಕು. 50 ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಿದ್ದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಅಂಥ ಕಾರನ್ನು ಆಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದೂ ನೆನಪಿರಲಿ.

ಎಲ್ಲ ಕೂರಿಸಿದ ಮೇಲೆ ಎಂಜಿನ್ ಆರಿಸಿಯೇ ಮೂರೂ ಪೆಡಲನ್ನು ಒಂದೊಂದಾಗಿ, ಆಮೇಲೆ ಕ್ಲಚ್ ಬ್ರೇಕ್ ಒಟ್ಟಿಗೆ, ಕೊನೆತನಕ ಒತ್ತಿ ನೋಡಿ. ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ತುಂಡಿನ ಕೆಳ ಅಂಚು ನೆಲಕ್ಕೋ ಮ್ಯಾಟಿಗೋ ತಾಗುತ್ತದೆಯೇ ನೋಡಲಿ. ತಾಗಿದರೆ ಆ ಅಂಚನ್ನು ಓರೆಯಾಗಿ ಕತ್ತರಿಸಿ. ಆಮೇಲೆ ಐದು ಎಣಿಸುವ ರಿವರ್ಸ್ ಪರೀಕ್ಷೆ ಮತ್ತೊಮ್ಮೆ. ಖಾಲಿ ಮೈದಾನದಲ್ಲಿ ನಿಂತು ಹೊರಡುವ ಅಭ್ಯಾಸ ಒಂದೆರಡು ದಿನ ಆಗಲಿ. ದುರ್ಗದವರು ಜೋಗಿಮಟ್ಟಿ ರಸ್ತೆಯ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಹೊರಟು ನೋಡಬಹುದು, ಕ್ಲಚ್ ಹಿಡಿಯುವ ಜಾಗ ಕಾಲಿಗೆ ಸಿಕ್ಕಿದೆಯೇ ಎಂಬುದು ಅಲ್ಲಿ ಬಯಲಾಗುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯ ಸಂಜೆಯ ನೂಕುನುಗ್ಗಲಿಗೆ ಇಳಿಯುವುದು ಆಮೇಲಿನ ಮಾತು. ಎತ್ತರದವರು ಅದೇ ಕಾರು ಓಡಿಸುವುದಾದರೆ ತುಂಡುಗಳನ್ನು ಬಿಚ್ಚಿ ಡಿಕ್ಕಿಯಲ್ಲಿಡಲಿ, ಸೀಟಿನ ಕೆಳಗೆ ಬೇಡ.

ಡ್ರೈವಿಂಗ್ ಶಾಲೆಗಳವರಲ್ಲಿ ಒಂದು ಕೋರಿಕೆ. ಹೊಸಬರು ಬಂದ ಮೊದಲ ದಿನವೇ ಅಳತೆ ಪಟ್ಟಿ ತೆಗೆದು ಎದೆಯ 25 ಸೆಂ.ಮೀ. ಅಳೆಯಿರಿ, ರಿವರ್ಸ್ ಪರೀಕ್ಷೆ ಮಾಡಿಸಿ. ಹದಿನೈದು ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣಕ್ಕೆ ವಾಹನ ನೋಡುವ ಇನ್‌ಸ್ಪೆಕ್ಟರುಗಳು ಲೈಟು, ಹಾರನ್ನು, ಟೈರಿನ ಜೊತೆ ಒಂದು ಸಲ ಬಾಗಿಲು ತೆಗೆದು ಪೆಡಲಿನ ಕಡೆಗೂ ಬಗ್ಗಿ ನೋಡಬೇಕು. ಟ್ಯೂಬ್ ಸುತ್ತಿದ ತುಂಡು ಕಂಡರೆ ಅಲ್ಲೇ ಬಿಚ್ಚಿಸಬೇಕು.

— ಹಳೆಯ ಕಾರುಗಳ ಕೆಲಸ ಮಾಡುವ ಗ್ಯಾರೇಜಿನವರು, ದಾವಣಗೆರೆ